ಸದ್ದು ಸಹಿಸಲಾಗದ ತಲೆನೋವು

(ಸ್ವಸಹಾಯ ಸಂಘಗಳ ಸದಸ್ಯರ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲದ ಲೆಕ್ಕ ಮುಗಿಯಿತು. ಈಗ ಅರೆತಲೆನೋವು ಅಥವಾ ಮೈಗ್ರೇನ್ ಬಗ್ಗೆ ಸ್ವಲ್ಪ ಮಾತಾಡೋಣ. ಬೆಂಗಳೂರು ಹಾಗೂ ಸುತ್ತಲಿನ ಹಳ್ಳಿಗಳ 2,329 ಜನರನ್ನು ವಿಚಾರಿಸಿ ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದೊಳಗೆ 100ಕ್ಕೆ ಸುಮಾರು 25 ಜನರಿಗೆ ಮೈಗ್ರೇನ್ ಕಾಡಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಅಂದಮೇಲೆ 20 ಜನರ ಒಂದು ಸಂಘದಲ್ಲಿ ನಾಲ್ಕೈದು ಮಂದಿಗಾದರೂ ಇದು ಇರಬಹುದು.

ಮೈಗ್ರೇನ್ ಅಂದರೆ ಬರೀ ತಲೆನೋವಲ್ಲ. ಹೆಚ್ಚಾಗಿ ತಲೆಯ ಒಂದು ಕಡೆ ಪಟಪಟ ಅಂತ ಬಡಿದ ಹಾಗೆ ನೋವು, ವಾಕರಿಕೆ, ಬೆಳಕು ಮತ್ತು ಸದ್ದು ಆಗದಿರುವುದು ಇದರ ಲಕ್ಷಣಗಳು. ಔಷಧಿ ಇಲ್ಲದಿದ್ದರೆ 4 ಗಂಟೆಯಿಂದ 3 ದಿನದವರೆಗೂ ಇರುತ್ತದೆ.

ಮನೆ ಭೇಟಿಗೆ ಹೋದಾಗ ನಾವು ಕೇಳುವ ಮಾತುಗಳಿವೆ. "ಒಂದು ಲೋಟ ಬಿದ್ದರೂ ಸಿಡುಕ್ತಾಳೆ ಸಿಸ್ಟರ್", "ಮಿಕ್ಸಿ ಹಾಕಬೇಡಿ ಅಂತಾಳೆ, ಕೆಲಸ ತಪ್ಪಿಸೋಕೆ ನಾಟಕ". ಇದು ನಾಟಕವೋ, ಕಾಯಿಲೆಯೋ? ಸರಿಯಾಗಿ ತಿಳಿದುಕೊಳ್ಳೋಣ.

ಕಿವಿ ಸದ್ದನ್ನು ಹಿಡಿದು ಒಳಗೆ ಕಳಿಸುತ್ತದೆ. ಅದು ಎಷ್ಟು ಜೋರು, ಅದಕ್ಕೆ ಗಮನ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮೆದುಳು. ಹಿಟ್ಟಿನ ಗಿರಣಿ ಪಕ್ಕದ ಮನೆಗೆ ನೆಂಟರು ಬಂದರೆ ಅವರಿಗೆ ಮಧ್ಯಾಹ್ನ ಕಣ್ಣು ಮುಚ್ಚಲಾಗುವುದಿಲ್ಲ. ಮನೆಯವರಿಗೆ ಗಿರಣಿ ಓಡುತ್ತಿರುವುದೇ ಗೊತ್ತಾಗುವುದಿಲ್ಲ. ಮತ್ತೆ ಮತ್ತೆ ಬರುವ ಸದ್ದಿಗೆ ಮೆದುಳು ಒಗ್ಗಿಕೊಳ್ಳುತ್ತದೆ. ಮೈಗ್ರೇನ್ ಇರುವ ಹಲವರ ಮೆದುಳು ಹೀಗೆ ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ. ಅವರಿಗೆ ನೂರನೇ ಸದ್ದೂ ಮೊದಲನೇ ಸದ್ದಿನ ಹಾಗೇ.

ಬೆಲ್ಜಿಯಂ ದೇಶದ ವೈದ್ಯರು 1996ರಲ್ಲಿ ಇದನ್ನು ಪರೀಕ್ಷೆಯಿಂದ ತೋರಿಸಿದರು. ಸದ್ದನ್ನು ಜಾಸ್ತಿ ಮಾಡುತ್ತಾ ಹೋದಾಗ, ಮೈಗ್ರೇನ್ ಇರುವವರ ಮೆದುಳಿನ ಪ್ರತಿಕ್ರಿಯೆ ಉಳಿದವರಿಗಿಂತ ಬೇಗ ಏರಿತು. ಆಗ ಅವರಿಗೆ ತಲೆನೋವೇ ಇರಲಿಲ್ಲ!

ನೋವು ಬಂದಾಗ ಕಷ್ಟ ಇನ್ನೂ ಹೆಚ್ಚು. ಮೆದುಳಿನ ನಡುವೆ ಥಾಲಮಸ್ ಎಂಬ ಭಾಗವಿದೆ. ಬಸ್ ನಿಲ್ದಾಣದಲ್ಲಿ ಎಲ್ಲ ಊರಿನ ಬಸ್ಸು ಬಂದು ಹೋಗುವ ಹಾಗೆ, ತಲೆಯ ನೋವು, ಕಿವಿಯ ಸದ್ದು, ಕಣ್ಣಿನ ಬೆಳಕು ಎಲ್ಲವೂ ಇದನ್ನು ದಾಟಿಯೇ ಮುಂದಕ್ಕೆ ಹೋಗಬೇಕು. ಮೈಗ್ರೇನ್ ಬಂದಾಗ ಈ ದಾರಿಯ ನರಕೋಶಗಳು ಅತಿಸೂಕ್ಷ್ಮವಾಗುತ್ತವೆ. ಆಗ ಕುಕ್ಕರ್ ಕೂಗು ತಲೆಗೆ ಹೊಡೆದ ಹಾಗಾಗುತ್ತದೆ. ಇದು ಅಹಂಕಾರವೂ ಅಲ್ಲ, ಸೋಮಾರಿತನವೂ ಅಲ್ಲ.

ಹಾಗಾದರೆ ನಾವು ಏನು ಮಾಡಬಹುದು?

1. ನೋವು ಬಂದಾಗ ಕತ್ತಲೆಯ, ಸದ್ದಿಲ್ಲದ ಜಾಗದಲ್ಲಿ ಮಲಗಲು ಬಿಡಿ. ಟಿವಿ ತಗ್ಗಿಸಿ. ಒಂದು ಹೊತ್ತಿನ ಅಡುಗೆ ಬೇರೆಯವರು ಮಾಡಲಿ.

2. ನೋವಿಲ್ಲದ ದಿನ ಕಿವಿಗೆ ಹತ್ತಿ ತುರುಕಿಕೊಂಡು ಇರಬೇಡಿ. ಸದ್ದೇ ಇಲ್ಲದೆ ಅಭ್ಯಾಸವಾದರೆ ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸುತ್ತದೆ.

3. ಊಟ ಬಿಡಬೇಡಿ, ನಿದ್ದೆ ಕೆಡಬೇಡಿ. ಉಪವಾಸ, ನಿದ್ದೆಗೇಡು, ಮುಟ್ಟಿನ ದಿನಗಳು ಹಲವರಲ್ಲಿ ನೋವನ್ನು ಎಬ್ಬಿಸುತ್ತವೆ. ನೋವು ಬಂದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ವೈದ್ಯರಿಗೆ ತೋರಿಸಿ.

4. ಮಾತ್ರೆಯ ಲೆಕ್ಕವನ್ನೂ ಇಡಿ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು. ಎರಡು ಮೂರು ಔಷಧಿ ಸೇರಿದ ಮಾತ್ರೆಯಾದರೆ 10 ದಿನವೇ ಸಾಕು. ಅಂಗಡಿಯಲ್ಲಿ ಕೇಳಿ ನುಂಗಬೇಡಿ. ನೋವು ಪದೇ ಪದೇ ಬರದಂತೆ ತಡೆಯುವ ಔಷಧಿಯೂ ಇದೆ, ವೈದ್ಯರನ್ನು ಕೇಳಿ.

5. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟಾದ ಮೇಲೆ ನೋವು, ಗರ್ಭಿಣಿಗೆ ಜೋರು ತಲೆನೋವು, ಇವುಗಳಲ್ಲಿ ಯಾವುದೇ ಕಂಡರೂ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. 50 ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೂ ತಪ್ಪದೆ ತೋರಿಸಿ.

ಕೊನೆಯದಾಗಿ ಒಂದು ಮಾತು. ಸಭೆಗೆ ಬಾರದವರಿಗೆ ದಂಡ ಹಾಕುವ ನಿಯಮ ಹಲವು ಸಂಘಗಳಲ್ಲಿದೆ. ಜ್ವರ ಬಂದವರಿಗೆ ವಿನಾಯಿತಿ ಕೊಡುತ್ತೇವೆ. ತಲೆನೋವು ಕಣ್ಣಿಗೆ ಕಾಣುವುದಿಲ್ಲ ಅಂತ ಅವರಿಗೆ ಮಾತ್ರ ದಂಡ ಹಾಕುವುದು ನ್ಯಾಯವೇ? ಮುಂದಿನ ಸಭೆಯಲ್ಲಿ ಇದನ್ನು ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಎಲ್ಲರೂ ಒಟ್ಟಿಗೆ ಮಾತಾಡದೆ ಒಬ್ಬೊಬ್ಬರಾಗಿ ಮಾತಾಡುವುದನ್ನು ರೂಢಿ ಮಾಡಿಕೊಳ್ಳೋಣ. ಅದರಿಂದ ನೋವಿರುವ ಸಹೋದರಿಗೂ ಹಿತ, ಲೆಕ್ಕ ಬರೆಯುವವರಿಗೂ ಹಿತ.