ಸಾಕುನಾಯಿಯ ವಿಮೆ ಮತ್ತು ಬಿಡದ ಕಾಯಿಲೆ

ನಾಯಿಗೂ ವಿಮೆಯೆ ಎಂದು ನಗುವ ಕಾಲ ಹೋಯಿತು. ಸರ್ಕಾರಿ ಸ್ವಾಮ್ಯದ ವಿಮಾ ಕಂಪನಿಗಳು ದನ ಎಮ್ಮೆಗಳ ಜೊತೆಗೆ ನಾಯಿಗೂ ವಿಮೆ ಮಾಡುವುದು ಹಳೆಯ ರೂಢಿ. 2020ರಿಂದೀಚೆಗೆ ಖಾಸಗಿ ಕಂಪನಿಗಳೂ ಇದಕ್ಕೆ ಕೈಹಾಕಿವೆ. ಹಳೆಯ ಬಗೆಯ ಪಾಲಿಸಿಯಲ್ಲಿ ಮುಖ್ಯವಾದುದು ನಾಯಿ ಸತ್ತರೆ ಬರುವ ಹಣ. ಆದರೆ ಮನೆಯಲ್ಲಿ ನಾಯಿ ಸಾಕಿದವರಿಗೆ ಬೇಕಾದುದು ಅದಲ್ಲ, ಬದುಕಿರುವ ನಾಯಿಯ ಚಿಕಿತ್ಸೆಗೆ ನೆರವು. ಆದುದರಿಂದ ಪಾಲಿಸಿ ಕೊಡುವುದು ಸಾವಿಗೋ ಚಿಕಿತ್ಸೆಗೋ ಎಂಬುದನ್ನು ಮೊದಲು ನೋಡಿರಿ.

ಚಿಕಿತ್ಸೆಗೇ ಎಂದಿಟ್ಟುಕೊಳ್ಳೋಣ. ಬೀದಿಯಲ್ಲಿ ಸ್ಕೂಟರು ತಗುಲಿ ನಾಯಿಯ ಕಾಲು ಮುರಿದರೆ ಖರ್ಚು ದೊಡ್ಡದೇ, ಆದರೆ ಒಂದು ಸಲದ್ದು. ಸಕ್ಕರೆ ಕಾಯಿಲೆಯ ಪರಿ ಬೇರೆ. ಅದು ಬಂದ ನಾಯಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಬೇಕು, ಬದುಕಿರುವವರೆಗೂ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಜಾತಿಯ ನಾಯಿಗಳಿಗೆ ಸೊಂಟದ ಕೀಲಿನ ದೋಷ ವಂಶದಿಂದಲೇ ಬರುವುದುಂಟು. ಚರ್ಮದ ಅಲರ್ಜಿಯಂತೂ ಹೋದಂತೆ ಹೋಗಿ ಮರಳಿ ಬರುವ ನೆಂಟ. ಮೂರ್ಛೆರೋಗವೂ ಇದೇ ಗುಂಪಿನದು. ಮನೆಯ ಲೆಕ್ಕವನ್ನು ಅಡಿಮೇಲು ಮಾಡುವುವು ಇವೇ.

ಔಷಧಿಗೆ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. ವರ್ಷಕ್ಕೆ 36,000 ಆಯಿತು, ಐದು ವರ್ಷಕ್ಕೆ 1,80,000. ಪಾಲಿಸಿಯ ಮಿತಿ 40,000 ಇದ್ದರೆ ಸಾಲದೆ ಎನ್ನುವಿರಿ. ಆ 40,000 ವರ್ಷವರ್ಷವೂ ತುಂಬುವ ಕೊಡವೋ, ಒಮ್ಮೆ ಬರಿದಾದರೆ ಮುಗಿಯಿತೋ? ಪ್ರಶ್ನೆ ಇರುವುದು ಇಲ್ಲಿ. ಈ ವ್ಯವಹಾರ ಚೆನ್ನಾಗಿ ಬೇರೂರಿರುವ ಬ್ರಿಟನ್ನಿನಲ್ಲಿ ಇದನ್ನು ಬಿಡಿಸಿ ಹೇಳುವ ವಾಡಿಕೆಯುಂಟು. ಒಂದು ಬಗೆ ಅಪಘಾತಕ್ಕೆ ಮಾತ್ರ. ಇನ್ನೊಂದರಲ್ಲಿ, ಕಾಯಿಲೆ ಕಂಡ ಹನ್ನೆರಡು ತಿಂಗಳಿಗೆ, ಹಣ ಉಳಿದಿದ್ದರೂ, ಆ ಕಾಯಿಲೆಗೆ ನೆರವು ನಿಲ್ಲುತ್ತದೆ. ಮತ್ತೊಂದರಲ್ಲಿ ಕಾಲದ ಮಿತಿಯಿಲ್ಲ, ಒಂದೊಂದು ಕಾಯಿಲೆಗೂ ಒಟ್ಟು ಇಷ್ಟೇ ಹಣ. ನಮ್ಮ ಲೆಕ್ಕದಲ್ಲಿ ಅದು ಎರಡನೆಯ ವರ್ಷದ ಎರಡನೆಯ ತಿಂಗಳಿಗೇ ತೀರಿಹೋಗುತ್ತದೆ. ಆಜೀವ ಪಾಲಿಸಿ ಎಂಬುದರಲ್ಲಿ ಮಾತ್ರ, ತಪ್ಪದೆ ನವೀಕರಿಸುತ್ತಿದ್ದರೆ, ಕೊಡ ಪ್ರತಿವರ್ಷ ಮತ್ತೆ ತುಂಬುತ್ತದೆ. ಕಂತೂ ಅಲ್ಲಿ ಹೆಚ್ಚು, ನಾಯಿಗೆ ವಯಸ್ಸಾದಂತೆ ಇನ್ನೂ ಏರುತ್ತದೆ.

ನಮ್ಮಲ್ಲಿ ಪಾಲಿಸಿ ಸಾಮಾನ್ಯವಾಗಿ ಒಂದು ವರ್ಷದ್ದು. ಆದ್ದರಿಂದ ಏಜೆಂಟರನ್ನು ಹೀಗೆ ಕೇಳಿರಿ: "ಈ ವರ್ಷ ಕಂಡ ಕಾಯಿಲೆಯನ್ನು ನವೀಕರಿಸುವಾಗ 'ಮೊದಲೇ ಇದ್ದ ಕಾಯಿಲೆ' ಎಂದು ತೆಗೆದುಹಾಕುತ್ತೀರಾ?" ಬಾಯಿಮಾತಿನ ಉತ್ತರ ಬೇಡ, ಬರೆಸಿಕೊಳ್ಳಿರಿ. 2024ರಿಂದ ಮನುಷ್ಯರ ಆರೋಗ್ಯವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸಬಾರದೆಂಬ ನಿಯಮವಿದೆ. ಅದು ನಮಗೆ ಮಾಡಿದ ನಿಯಮ. ನಾಯಿಯ ಪಾಲಿಸಿಗೂ ಅದೇ ನ್ಯಾಯವೆಂದು ನಂಬಿ ಕೂರಬೇಡಿರಿ.

'ಮೊದಲೇ ಇದ್ದ' ಎಂಬ ಮಾತೂ ಕಾಣುವಷ್ಟು ಸರಳವಲ್ಲ. ವೈದ್ಯರು ರೋಗಕ್ಕೆ ಹೆಸರಿಟ್ಟ ದಿನವಲ್ಲ, ಲಕ್ಷಣ ಮೊದಲು ಕಂಡ ದಿನವನ್ನೇ ಎಷ್ಟೋ ಪಾಲಿಸಿಗಳು ಹಿಡಿಯುತ್ತವೆ. ಪಾಲಿಸಿ ಮಾಡಿಸುವುದಕ್ಕೆ ಮುಂಚೆ ನಾಯಿ ಕುಂಟಿದ್ದು ಆಸ್ಪತ್ರೆಯ ಚೀಟಿಯಲ್ಲಿದ್ದರೆ, ಆಮೇಲೆ ಗೊತ್ತಾದ ಕೀಲುರೋಗಕ್ಕೆ ಹಣ ಸಿಗದೆ ಹೋದೀತು. ಪಾಲಿಸಿ ಆರಂಭವಾದ ಮೇಲೂ ಕಾಯುವ ದಿನಗಳೆಂದು ಕೆಲವುಂಟು; ಆಗ ಕಾಣಿಸಿಕೊಂಡ ಕಾಯಿಲೆಯೂ ಹೊರಗೇ. ಕಂತು ಅಗ್ಗವೆಂದು ಕಂಪನಿ ಬದಲಾಯಿಸಿದರೂ ಇದೇ ತೊಡಕು, ಹಳೆಯ ಕಂಪನಿಯಲ್ಲಿ ಹೊಸದಾಗಿದ್ದ ಕಾಯಿಲೆ ಹೊಸ ಕಂಪನಿಯಲ್ಲಿ ಹಳೆಯದಾಗಿಬಿಡುತ್ತದೆ. ಹಾಗೆಂದು ಅರ್ಜಿಯಲ್ಲಿ ಮುಚ್ಚಿಡಬೇಡಿರಿ. ಆಮೇಲೆ ಹೊರಬಿದ್ದರೆ ಇಡೀ ಪಾಲಿಸಿಗೇ ಸಂಚಕಾರ.

ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ಅಲ್ಲಿಯವರೆಗೆ ಅರ್ಥ ನಿರ್ಧಾರವಾಗದು ಎಂದು ಮಕ್ಕಳಿಗೆ ಹೇಳುತ್ತೇವೆ. ಪಾಲಿಸಿಯನ್ನೂ ಹಾಗೆಯೇ ಓದಬೇಕು. ಮುಂದಿನ ಪುಟದ ಬಣ್ಣದ ಚಿತ್ರಕ್ಕಿಂತ ಹಿಂದಿನ ಪುಟಗಳ 'ಹೊರತುಗಳು' ಮುಖ್ಯ. ವಂಶದಿಂದ ಬರುವ ದೋಷ ಅಲ್ಲಿ ಸೇರಿದೆಯೆ ಎಂದು ನೋಡಿರಿ. ಹುಚ್ಚುನಾಯಿ ರೋಗ, ಡಿಸ್ಟೆಂಪರ್, ಪಾರ್ವೊ ಮುಂತಾದುವಕ್ಕೆ ಲಸಿಕೆ ಹಾಕಿಸದಿದ್ದರೆ ಆ ರೋಗಗಳಿಗೆ ಹಣ ಕೊಡದಿರುವುದು ಸಾಮಾನ್ಯ, ಲಸಿಕೆಯ ಚೀಟಿ ಜೋಪಾನ. ಬಿಲ್ಲಿನಲ್ಲಿ ನಿಮ್ಮ ಪಾಲೆಷ್ಟು ಎಂಬುದೂ ಅಲ್ಲೇ ಸಿಗುತ್ತದೆ: ನೂರಕ್ಕೆ ಇಪ್ಪತ್ತಾದರೆ 10,000ದಲ್ಲಿ 2,000 ನೀವೇ ತೆರಬೇಕು. ಇದು ತಿಂಗಳು ತಿಂಗಳೂ ಬರುವ ಬಿಲ್ಲಾದರೆ ಸಣ್ಣ ಮಾತಲ್ಲ.

ಮರಿ ಆರೋಗ್ಯವಾಗಿರುವಾಗಲೇ ಮಾಡಿಸುವುದು ಲೇಸು. ಪಾಲಿಸಿಗಳಿಗೆ ವಯಸ್ಸಿನ ಮಿತಿಯೂ ಉಂಟು. ಮನೆಯಲ್ಲಿರುವುದು ಆಗಲೇ ಕಾಯಿಲೆ ಹಿಡಿದ ಮುದಿನಾಯಿಯಾದರೆ, ಆ ಕಾಯಿಲೆಗೆಂದು ಕಂತು ಕಟ್ಟುವುದು ವ್ಯರ್ಥ. ಅದೇ ಹಣವನ್ನು ತಿಂಗಳು ತಿಂಗಳೂ ಬ್ಯಾಂಕಿನಲ್ಲಿ ಬೇರೆಯಾಗಿ ಇಡಿರಿ. ಬೆಂಗಳೂರಿನವರಿಗಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಉಳಿದ ಊರುಗಳವರು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು.