ಚೆನ್ನೈಗೆ ರಿಸಲ್ಟ್ ಬಂತು, ನಮ್ಮ ಜಿಲ್ಲೆಗೆ ಯಾವಾಗ?

(2022ರ ಮಾರ್ಚ್‌ನಲ್ಲಿ ರೆಕಾರ್ಡ್ ಮಾಡಿದ ಮಾತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಚೆನ್ನೈ ಕಾರ್ಪೊರೇಷನ್ ಚುನಾವಣೆ ಫಲಿತಾಂಶದ ಬಗ್ಗೆ ಮಾತಾಡೋಣ. "ನಮಗೂ ಅದಕ್ಕೂ ಏನ್ ಸಂಬಂಧ, ನಾವು ಕರ್ನಾಟಕದವರು" ಅಂತ ನಿಮಗೆ ಅನ್ನಿಸಬಹುದು. ಆ ಸಂಬಂಧವೇ ಇವತ್ತಿನ ವಿಷಯ.

ಮೊದಲು ಲೆಕ್ಕ ನೋಡಿಬಿಡೋಣ. ಫೆಬ್ರವರಿ 19ಕ್ಕೆ ಮತದಾನ, 22ಕ್ಕೆ ಎಣಿಕೆ. ಒಟ್ಟು 200 ವಾರ್ಡ್. ಡಿಎಂಕೆ ಒಂದಕ್ಕೇ 153. ಅದರ ಜೊತೆಗಿದ್ದ ಕಾಂಗ್ರೆಸ್‌ಗೆ 13, ಸಿಪಿಎಂಗೆ 4, ವಿಸಿಕೆಗೆ 4, ಎಂಡಿಎಂಕೆಗೆ 2, ಸಿಪಿಐ ಮತ್ತು ಮುಸ್ಲಿಂ ಲೀಗ್‌ಗೆ ಒಂದೊಂದು. ಎಐಎಡಿಎಂಕೆಗೆ ಸಿಕ್ಕಿದ್ದು 15. ಬಿಜೆಪಿ ವೆಸ್ಟ್ ಮಾಂಬಲಂ ಕಡೆಯ 134ನೇ ವಾರ್ಡ್ ಒಂದನ್ನು ಗೆದ್ದಿತು. ಎಎಂಎಂಕೆಗೆ 1, ಪಕ್ಷೇತರರಿಗೆ 5. ಮಾರ್ಚ್ 4ಕ್ಕೆ 74ನೇ ವಾರ್ಡಿನ ಆರ್. ಪ್ರಿಯಾ ಮೇಯರ್ ಆದರು. ವಯಸ್ಸು 28. ಮೂರು ಶತಮಾನ ದಾಟಿದ, 1688ರಲ್ಲಿ ಶುರುವಾದ ಈ ಸಂಸ್ಥೆಗೆ ಮೊದಲ ದಲಿತ ಮಹಿಳಾ ಮೇಯರ್. ಟಿವಿಯಲ್ಲಿ ಇಷ್ಟನ್ನೂ ನೋಡಿರ್ತೀರಿ.

ಯಾರು ಗೆದ್ದರು ಅನ್ನೋದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಈ ನಗರಕ್ಕೆ ಐದು ವರ್ಷಕ್ಕೂ ಹೆಚ್ಚು ಕಾಲ ಕೌನ್ಸಿಲರ್‌ಗಳೇ ಇರಲಿಲ್ಲ. 2011ರಲ್ಲಿ ಆಯ್ಕೆಯಾದವರ ಅವಧಿ 2016ರ ಅಕ್ಟೋಬರ್‌ಗೆ ಮುಗಿಯಿತು. ಅದೇ ತಿಂಗಳು ಚುನಾವಣೆ ನಡೀಬೇಕಿತ್ತು. ಮೀಸಲಾತಿ ವಿಚಾರವಾಗಿ ಕೇಸ್ ಆಗಿ, ಮದ್ರಾಸ್ ಹೈಕೋರ್ಟ್ ಅಧಿಸೂಚನೆಯನ್ನೇ ರದ್ದು ಮಾಡಿತು. ಆಮೇಲೆ ವಿಶೇಷ ಅಧಿಕಾರಿಗಳ ಆಡಳಿತ. ಒಂದು ಕಾರಣ ಮುಗಿದರೆ ಇನ್ನೊಂದು: ಕೋರ್ಟು, ವಾರ್ಡ್ ಮರುವಿಂಗಡಣೆ, ಕೊರೊನಾ.

ಆ ಅವಧಿಯಲ್ಲಿ ಚೆನ್ನೈ ಏನೇನು ನೋಡಿತು? 2016ರ ಡಿಸೆಂಬರ್‌ನಲ್ಲಿ ವಾರ್ದಾ ಚಂಡಮಾರುತ. 2019ರ ಬೇಸಿಗೆಯಲ್ಲಿ ಕೆರೆಗಳೆಲ್ಲ ಒಣಗಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಓಎಂಆರ್‌ನಲ್ಲಿ ಕೆಲವು ಕಂಪನಿಗಳು ಆಫೀಸಲ್ಲಿ ನೀರಿಲ್ಲ, ಮನೆಯಿಂದಲೇ ಕೆಲಸ ಮಾಡಿ ಅಂದವು. ಆಮೇಲೆ ಕೊರೊನಾ. ಕಳೆದ ನವೆಂಬರ್‌ನಲ್ಲಿ ಮತ್ತೆ ಮಳೆ, ಮತ್ತೆ ರಸ್ತೆ ತುಂಬ ನೀರು. ಈ ಎಲ್ಲ ಸಮಯದಲ್ಲೂ "ನಮ್ಮ ವಾರ್ಡಿನವರು" ಅಂತ ಹೋಗಿ ಬಾಗಿಲು ತಟ್ಟೋಕೆ ಒಬ್ಬ ಚುನಾಯಿತ ವ್ಯಕ್ತಿ ಇರಲಿಲ್ಲ. ಇದ್ದಿದ್ದು 1913 ಅನ್ನೋ ಸಹಾಯವಾಣಿ. ಅಧಿಕಾರಿಗಳು ಕೆಲಸ ಮಾಡಲಿಲ್ಲ ಅಂತ ನಾನು ಹೇಳ್ತಿಲ್ಲ, ತುಂಬಾ ಜನ ಹಗಲು ರಾತ್ರಿ ದುಡಿದಿದ್ದಾರೆ. ಆದರೆ ಅಧಿಕಾರಿ ಉತ್ತರ ಹೇಳೋದು ಮೇಲಿನವರಿಗೆ. ಕೌನ್ಸಿಲರ್ ಐದು ವರ್ಷಕ್ಕೊಮ್ಮೆಯಾದರೂ ಕೆಳಗಿನವರ ಮುಂದೆ ನಿಲ್ಲಲೇಬೇಕು.

ನಮ್ಮಲ್ಲಿ ಬಹಳ ಜನ ಇರೋದು ಪೆರುಂಗುಡಿ, ತೊರೈಪಾಕ್ಕಂ, ಶೋಲಿಂಗನಲ್ಲೂರು ಕಡೆ. ಈ ಭಾಗ ಕಾರ್ಪೊರೇಷನ್‌ಗೆ ಸೇರಿದ್ದೇ 2011ರಲ್ಲಿ. ಹಾಗಾಗಿ ಇಲ್ಲಿಗೆ ಇದು ಎರಡನೇ ಕೌನ್ಸಿಲ್ ಅಷ್ಟೇ. ಇವತ್ತಿಗೂ ಅಪಾರ್ಟ್‌ಮೆಂಟ್‌ಗಳು ಲಾರಿ ನೀರನ್ನೇ ನಂಬಿಕೊಂಡಿವೆ. ಇನ್ನೂ ಮುಂದೆ ನಾವಲೂರು, ಸಿರುಸೇರಿ, ಕೇಳಂಬಾಕ್ಕಂ ಕಡೆ ಇರೋರು ಕಾರ್ಪೊರೇಷನ್‌ನಲ್ಲೇ ಇಲ್ಲ. ನೀವು ಚೆಂಗಲ್ಪಟ್ಟು ಜಿಲ್ಲೆಯವರು, ಗ್ರಾಮ ಪಂಚಾಯತಿಯವರು. ನಿಮ್ಮ ಜಿಲ್ಲಾ ಪಂಚಾಯತಿ ಚುನಾವಣೆ ಕಳೆದ ಅಕ್ಟೋಬರ್‌ನಲ್ಲೇ ಆಯಿತು, ಅಲ್ಲೂ ಡಿಎಂಕೆ ಕೂಟವೇ ಗೆದ್ದಿತು. ಹದಿನೈದನೇ ಮಹಡಿಯಲ್ಲಿ ಕೂತಿದ್ದರೂ ವಿಳಾಸ ಹಳ್ಳಿಯದ್ದೇ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ?

ಈಗ ಇನ್ನೊಂದು ಸಂಖ್ಯೆ. ಚೆನ್ನೈನಲ್ಲಿ ಮತದಾನ ಸುಮಾರು ಶೇ. 43.6. ರಾಜ್ಯದ ನಗರ ಸ್ಥಳೀಯ ಚುನಾವಣೆಯ ಸರಾಸರಿ ಶೇ. 60ರ ಆಸುಪಾಸು. "ಚೆನ್ನೈಯವರಿಗೆ ಉದಾಸೀನ" ಅಂತ ಎಲ್ಲರೂ ಬೈದರು. ಆದರೆ ಗಮನಿಸಿ, ಈ ಶೇಕಡಾ ಲೆಕ್ಕ ಪಟ್ಟಿಯಲ್ಲಿ ಹೆಸರು ಇದ್ದವರದ್ದು. ಹತ್ತು ವರ್ಷದಿಂದ ಇಲ್ಲಿದ್ದು, ವೋಟರ್ ಐಡಿ ಇನ್ನೂ ಹಾಸನದ್ದೋ ಧಾರವಾಡದ್ದೋ ಇಟ್ಟುಕೊಂಡ ನಾವು ಆ ಉಳಿದ ಶೇ. 56ರಲ್ಲೂ ಇಲ್ಲ! ಗೈರುಹಾಜರಾದವರ ಲೆಕ್ಕಕ್ಕೂ ನಾವು ಸಿಗೋದಿಲ್ಲ.

"ಪರವಾಗಿಲ್ಲ, ಊರಲ್ಲಿ ವೋಟ್ ಇದೆಯಲ್ಲ" ಅಂತೀರಾ? ಸರಿ, ಊರಿಗೇ ಹೋಗೋಣ.

ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತಿ ಚುನಾವಣೆ ಕೊನೆಗೆ ನಡೆದದ್ದು 2016ರ ಫೆಬ್ರವರಿಯಲ್ಲಿ. 30 ಜಿಲ್ಲಾ ಪಂಚಾಯತಿ, 1083 ಸ್ಥಾನ. ಕಾಂಗ್ರೆಸ್ 498, ಬಿಜೆಪಿ 408, ಜೆಡಿಎಸ್ 148. ಅವರ ಅವಧಿ ಕಳೆದ ವರ್ಷ ಮುಗಿಯಿತು. ಹೊಸ ಚುನಾವಣೆ ನಡೆದಿಲ್ಲ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡ್ತಿರುವಾಗಲೇ ಸರ್ಕಾರ ಕಾನೂನು ತಿದ್ದಿ, ಆ ಕೆಲಸವನ್ನು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ಬೆಂಗಳೂರಿನ ಬಿಬಿಎಂಪಿ ಕತೆಯೂ ಇದೇ. 2015ರಲ್ಲಿ ಚುನಾವಣೆ, 2020ರ ಸೆಪ್ಟೆಂಬರ್‌ಗೆ ಅವಧಿ ಖತಂ. 198 ವಾರ್ಡನ್ನು 243 ಮಾಡ್ತೀವಿ ಅಂತ ಹೊರಟವರು ಇನ್ನೂ ಮಾಡ್ತಾನೇ ಇದ್ದಾರೆ.

ಸಂವಿಧಾನ ಇಲ್ಲಿ ಗೊಂದಲಕ್ಕೆ ಜಾಗ ಬಿಟ್ಟಿಲ್ಲ. ಪಂಚಾಯತಿಗೆ 243ಇ, ನಗರಗಳಿಗೆ 243ಯು ವಿಧಿ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. 2006ರಲ್ಲಿ ಅಹಮದಾಬಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಆದರೂ ಯಾವ ಪಕ್ಷದ ಸರ್ಕಾರ ಇರಲಿ, ಈ ಚುನಾವಣೆ ಅಂದ್ರೆ ಕಾಲು ಎಳೆಯುತ್ತೆ. ಯಾಕೆ? ಜಿಲ್ಲಾ ಪಂಚಾಯತಿ ಸದಸ್ಯ ಇಲ್ಲದಿದ್ದರೆ ಊರಿನ ರಸ್ತೆ, ಕುಡಿಯುವ ನೀರು, ಯಾವ ಕಾಮಗಾರಿ ಯಾರಿಗೆ ಅನ್ನೋದರಲ್ಲಿ ಶಾಸಕರ ಮಾತೇ ಅಂತಿಮ. ಎದುರು ಕೇಳೋಕೆ ಇನ್ನೊಬ್ಬ ಚುನಾಯಿತ ಇರಲ್ಲ.

ಬೇಜಾರಿನ ವಿಷಯ ಅಂದ್ರೆ ಇದರಲ್ಲಿ ಕರ್ನಾಟಕ ದಾರಿ ತೋರಿಸಿದ ರಾಜ್ಯ. ದೇಶಕ್ಕೆ 73ನೇ ತಿದ್ದುಪಡಿ ಬರೋಕೆ ಎಷ್ಟೋ ಮೊದಲೇ, 1987ರಲ್ಲಿ, ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಅದರ ಹಿಂದಿದ್ದವರು ಅಬ್ದುಲ್ ನಜೀರ್ ಸಾಬ್. ಹಳ್ಳಿಗೆ ಬೋರ್‌ವೆಲ್ ಹಾಕಿಸಿ "ನೀರ್ ಸಾಬ್" ಅನ್ನಿಸಿಕೊಂಡವರು. ಮಹಿಳೆಯರಿಗೆ ಕಾಲು ಭಾಗ ಮೀಸಲು ಅಂತ ಆಗಲೇ ಇಟ್ಟಿದ್ದರು. ಅಂಥ ರಾಜ್ಯದಲ್ಲಿ ಇವತ್ತು ಜಿಲ್ಲಾ ಪಂಚಾಯತಿ ನಡೆಸ್ತಿರೋದು ಆಡಳಿತಾಧಿಕಾರಿ.

ಹಾಗಾದ್ರೆ ನಾವೇನು ಮಾಡಬಹುದು? ಎರಡು ಕಡೆ ಹೆಸರು ಇಟ್ಟುಕೊಳ್ಳೋ ಹಾಗಿಲ್ಲ, ಅದು ಕಾನೂನು. ಒಂದನ್ನು ಆರಿಸಿಕೊಳ್ಳಬೇಕು. ಇದು ಸುಲಭದ ಮಾತಲ್ಲ ಅಂತ ಗೊತ್ತು. ಊರಿನ ಪಟ್ಟಿಯಿಂದ ಹೆಸರು ತೆಗೆಸೋದು ಅಂದ್ರೆ ಊರನ್ನೇ ಬಿಟ್ಟ ಹಾಗೆ ಅನ್ನಿಸುತ್ತೆ. "ನಮ್ಮವನಲ್ಲ ಇವನು" ಅಂತ ಯಾರಾದರೂ ಅಂದ್ರೆ? ಆ ಭಯ ಸುಳ್ಳಲ್ಲ.

ನನ್ನ ಅಭಿಪ್ರಾಯ ಇಷ್ಟು. ಇಲ್ಲೇ ಮನೆ ಮಾಡಿದ್ದೀರಿ, ಮಕ್ಕಳು ಇಲ್ಲೇ ಶಾಲೆಗೆ ಹೋಗ್ತಿದ್ದಾರೆ, ಊರಿಗೆ ಹೋಗೋದು ಹಬ್ಬಕ್ಕೆ ಮಾತ್ರ ಅಂದ್ರೆ, ಅರ್ಜಿ ತುಂಬಿ ಹೆಸರನ್ನು ಇಲ್ಲಿಗೆ ತನ್ನಿ. ಬಾಡಿಗೆ ಮನೆ ಅಡ್ಡಿಯಲ್ಲ, ವಾಸದ ಪುರಾವೆ ಸಾಕು. ವಿಧಾನಸಭೆಯ ಪಟ್ಟಿಯಿಂದಲೇ ವಾರ್ಡಿನ ಪಟ್ಟಿಯೂ ತಯಾರಾಗೋದು. ನಿಮ್ಮ ಕೌನ್ಸಿಲರ್ ಯಾರು ಅಂತ ತಿಳ್ಕೊಳ್ಳಿ, ತಮಿಳು ಅಷ್ಟಾಗಿ ಬರದಿದ್ದರೂ ಹೋಗಿ ಮಾತಾಡಿ. ಮಳೆನೀರು ಚರಂಡಿ ಯಾವ ಭಾಷೆಯವರ ಮನೆ ಮುಂದೆಯೂ ಒಂದೇ ಥರ ಉಕ್ಕುತ್ತೆ.

ಇಲ್ಲ, ನಾನು ವಾಪಸ್ ಹೋಗೋನೇ, ಅಪ್ಪ ಅಮ್ಮ ಜಮೀನು ಎಲ್ಲ ಅಲ್ಲೇ ಅನ್ನೋರು ಊರಿನ ವೋಟನ್ನೇ ಇಟ್ಕೊಳ್ಳಿ. ಆದರೆ ಆಗ ಅದನ್ನ ಪೂರ್ತಿ ಇಟ್ಕೊಳ್ಳಿ. ವಿಧಾನಸಭೆ, ಲೋಕಸಭೆ ಅಂದ್ರೆ ಬಸ್ ಬುಕ್ ಮಾಡೋ ಹಾಗೇ ಜಿಲ್ಲಾ ಪಂಚಾಯತಿಗೂ ಹೋಗಿ. ಅದಕ್ಕೂ ಮೊದಲು, ನಿಮ್ಮ ಶಾಸಕರು ಸಿಕ್ಕಾಗ ಒಂದು ಪ್ರಶ್ನೆ ಕೇಳಿ: ಚುನಾವಣೆ ಯಾವಾಗ?

ಎರಡು ವರ್ಷ ಊರಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡಿದವರು ಈಗ ಒಬ್ಬೊಬ್ಬರಾಗಿ ಚೆನ್ನೈಗೆ ವಾಪಸ್ ಬರ್ತಿದ್ದೀರಿ. ಎರಡೂ ಕಡೆಯ ರಸ್ತೆ ಹೇಗಿದೆ ಅಂತ ನಿಮಗಿಂತ ಚೆನ್ನಾಗಿ ಹೇಳೋರಿಲ್ಲ. ಯಾವ ರಸ್ತೆಗೆ ನೀವು ಜವಾಬ್ದಾರರು ಅನ್ನೋದನ್ನ ಈ ವಾರವೇ ಮನೆಯಲ್ಲಿ ಕೂತು ತೀರ್ಮಾನ ಮಾಡಿ.