ಜೀವಶಾಸ್ತ್ರದ ಡಾಕ್ಟರೇಟ್ ಆದಮೇಲೆ ಮುಂದೇನು?

(ಮುಂಬಯಿಯ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರ ಪರವಾಗಿ ಮಾಡಿದ ಭಾಷಣ)



ವಾಚನಾಲಯದ ಸ್ವಯಂಸೇವಕರಾದ ನಾವು ಹೆಚ್ಚು ಓದಿದವರಲ್ಲ. ಹಗಲು ಗಿರಣಿಯ ಕಚೇರಿಯಲ್ಲಿ ಹಾಜರಿ ಪಟ್ಟಿ, ಪಗಾರದ ಲೆಕ್ಕ. ಸಂಜೆ ಇಲ್ಲಿ ಪತ್ರಿಕೆಗಳ ಜೋಡಣೆ. ಮೆಟ್ರಿಕ್ ಮುಗಿಸಿ ನಿಂತವರು ಪಿಎಚ್.ಡಿ.ಯ ಮಾತಾಡುವುದೇ ಎಂದು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಆದರೆ ಈ ಕೋಣೆಯಲ್ಲಿ ಕೂತು ಉದ್ಯೋಗದ ಜಾಹೀರಾತುಗಳನ್ನು ಬರೆದುಕೊಳ್ಳುವವರಲ್ಲಿ ಈಚೆಗೆ ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿದ ಮಕ್ಕಳೂ ಇದ್ದಾರೆ. ಅವರೊಡನೆ ಮಾತಾಡಿ, ಅವರು ತೋರಿಸಿದ ನಿಯಮಗಳನ್ನು ಓದಿ ತಿಳಿದದ್ದನ್ನು, ಲೆಕ್ಕದವರು ಹೇಳುವ ಬಗೆಯಲ್ಲಿಯೇ ತಮ್ಮ ಮುಂದೆ ಅರಿಕೆ ಮಾಡುತ್ತೇವೆ.

ಡಾಕ್ಟರೇಟ್ ಎಂಬುದು ನೌಕರಿಯ ಹುಕುಮಲ್ಲ, ಅದೊಂದು ತರಬೇತಿ. ಪದವಿ ಕೈಗೆ ಬಂದ ಮರುದಿನ ಕೆಲಸ ಹುಡುಕಲು ಹೊರಟರೆ ತಡವಾಯಿತು. ಮೂರನೆಯ ವರ್ಷದಲ್ಲಿಯೇ ಹೊರಡಬೇಕು. ನಾವು ಹೇಳಬೇಕಾದ ಮುಖ್ಯ ಮಾತು ಇದೇ.

ಮೊದಲು ಕಾಲದ ಲೆಕ್ಕ. ಹನ್ನೆರಡನೆಯ ತರಗತಿ ಮುಗಿಯುವಾಗ ಹದಿನೆಂಟು, ಬಿ.ಎಸ್‌ಸಿ.ಗೆ ಮೂರು, ಎಂ.ಎಸ್‌ಸಿ.ಗೆ ಎರಡು, ಸಂಶೋಧನೆಗೆ ಐದಾರು ವರ್ಷ. ಅಲ್ಲಿಗೆ ವಯಸ್ಸು ಇಪ್ಪತ್ತೆಂಟು ಇಪ್ಪತ್ತೊಂಬತ್ತು. ಒಡಹುಟ್ಟಿದವರು ಅಷ್ಟರಲ್ಲಿ ಏಳೆಂಟು ವರ್ಷ ದುಡಿದಿರುತ್ತಾರೆ.

ಇನ್ನು ಹಣದ ಲೆಕ್ಕ. ರಾಷ್ಟ್ರೀಯ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಗಳಿಸಿದವರಿಗೆ 1-1-2023ರಿಂದ ನಿಗದಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000 ರೂಪಾಯಿ. ಐದು ವರ್ಷಕ್ಕೆ ಕೂಡಿಸಿದರೆ ಸರಿಯಾಗಿ 24 ಲಕ್ಷ. ಮನೆ ಬಾಡಿಗೆ ಭತ್ಯೆ ಬೇರೆ. ಇದು ಸಣ್ಣ ಮೊತ್ತವಲ್ಲ. ಆದರೆ ಈ ವೇತನ ಐದು ವರ್ಷಕ್ಕೆ ನಿಲ್ಲುತ್ತದೆ. ಯು.ಜಿ.ಸಿ.ಯ 2022ರ ನಿಯಮವೋ ಸಂಶೋಧನೆಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ಎನ್ನುತ್ತದೆ. ಮರುನೋಂದಣಿಯಾದರೆ ಇನ್ನೂ ಎರಡು ವರ್ಷ. ಜೀವಶಾಸ್ತ್ರದಲ್ಲಿ ತಡವಾಗುವುದಕ್ಕೆ ಕಾರಣವೂ ಉಂಟು. ಗಿಡ ಹೂ ಬಿಡಲು ಋತು ಬರಬೇಕು, ಇಲಿಯ ಸಂತತಿ ಬೆಳೆಯಲು ತಿಂಗಳುಗಳು ಬೇಕು, ಬೆಳೆಸಿದ ಜೀವಕೋಶಗಳಿಗೆ ಬೂಷ್ಟು ತಗುಲಿದರೆ ಮೊದಲಿನಿಂದ ಹಿಡಿಯಬೇಕು. ಹೀಗೆ ವೇತನ ನಿಂತು ಪ್ರಬಂಧ ಮುಗಿಯದ ಆ ಆರನೆಯ ವರ್ಷವೇ ಬಡ ಮನೆಯ ಮಕ್ಕಳನ್ನು ಕಂಗೆಡಿಸುವ ವರ್ಷ. ಅದಕ್ಕಾಗಿ ಮೊದಲಿನಿಂದಲೇ ತಿಂಗಳು ತಿಂಗಳು ಸ್ವಲ್ಪ ತೆಗೆದಿಡಿರಿ.

ಈಗ ಮುಂದಿನ ದಾರಿಗಳು.

ಮೊದಲನೆಯದು ಕಾಲೇಜಿನ ಅಧ್ಯಾಪನ. ಖಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯು.ಜಿ.ಸಿ. ದರದಲ್ಲಿ ಆರಂಭದ ಮೂಲವೇತನ 57,700 ರೂಪಾಯಿ. ಎಲ್ಲರ ಕಣ್ಣೂ ಅದರ ಮೇಲೆಯೇ. ವಿಶ್ವವಿದ್ಯಾಲಯಗಳಲ್ಲಿ ಈ ಹುದ್ದೆಗೆ ಪಿಎಚ್.ಡಿ. ಕಡ್ಡಾಯವೆಂದು 2018ರಲ್ಲಿ ನಿಯಮವಾಗಿತ್ತು. 2023ರ ಜುಲೈಯಲ್ಲಿ ಅದನ್ನು ಬದಲಿಸಿ, ನೆಟ್ ಅಥವಾ ಸೆಟ್ ಪಾಸಾಗಿರುವುದೇ ಕನಿಷ್ಠ ಅರ್ಹತೆಯೆಂದು ಮಾಡಿದರು. ಆದಕಾರಣ ಎಂ.ಎಸ್‌ಸಿ. ಮುಗಿಸಿ ನೆಟ್ ಗೆದ್ದವರೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಹೊರನಾಡ ಕನ್ನಡಿಗರು ಇನ್ನೊಂದನ್ನು ಗಮನಿಸಬೇಕು. ಕರ್ನಾಟಕದ ಸೆಟ್ ಪರೀಕ್ಷೆ ಕರ್ನಾಟಕದ ಕಾಲೇಜುಗಳಿಗೆ. ಮುಂಬಯಿ ಪುಣೆಗಳಲ್ಲಿ ಕಲಿಸಲು ಮಹಾರಾಷ್ಟ್ರ-ಗೋವೆಗಳ ಸೆಟ್ ಬೇಕು. ಎರಡೂ ಕಡೆ ನಡೆಯುವುದು ನೆಟ್. ಖಾಯಂ ಜಾಗ ಸಿಗುವವರೆಗೆ ತಾಸಿನ ಲೆಕ್ಕದಲ್ಲಿ ಪಾಠ ಹೇಳುವವರು ಬಹಳ. ಅದನ್ನು ಎಷ್ಟು ವರ್ಷ ಮಾಡುವುದೆಂದು ಮೊದಲೇ ಗಡುವು ಹಾಕಿಕೊಳ್ಳಬೇಕು.

ಎರಡನೆಯದು ಸಂಶೋಧನೆಯಲ್ಲಿಯೇ ಮುಂದುವರಿಯುವುದು. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಹೈದರಾಬಾದಿನ ಸಿ.ಸಿ.ಎಂ.ಬಿ., ಬೆಂಗಳೂರಿನ ಎನ್.ಸಿ.ಬಿ.ಎಸ್. ಮೊದಲಾದವು ಹೆಸರಾದ ಸ್ಥಳಗಳು. ರಿಸರ್ಚ್ ಅಸೋಸಿಯೇಟ್ ಎಂಬ ಹುದ್ದೆಗೆ 2023ರ ದರದಂತೆ 58,000 ರೂಪಾಯಿಯಿಂದ ಆರಂಭ. ಆದರೆ ಯೋಜನೆ ಇರುವವರೆಗೆ ಕೆಲಸ; ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಪರದೇಶಕ್ಕೆ ಹೋಗುವವರಿಗೂ ಹೆಚ್ಚಾಗಿ ಇಂಥ ತಾತ್ಕಾಲಿಕ ಕೆಲಸವೇ ಸಿಗುವುದು.

ಮೂರನೆಯದು ಕಾರ್ಖಾನೆ, ಕಂಪನಿಗಳ ದಾರಿ. ಇದನ್ನು ಕೀಳೆಂದು ತಿಳಿಯುವವರಿದ್ದಾರೆ, ನಮಗೆ ಹಾಗನಿಸುವುದಿಲ್ಲ. ಗಿರಣಿಗಳ ಪರಳದಲ್ಲಿಯೇ ಹಾಫ್‌ಕಿನ್ ಸಂಸ್ಥೆ ಇದೆ. ಪ್ಲೇಗು ಈ ನಗರವನ್ನು ಬಡಿದ ಕಾಲದಲ್ಲಿ, 1897ರಲ್ಲಿ, ಹಾಫ್‌ಕಿನ್ ಸಾಹೇಬರು ಪ್ಲೇಗಿನ ಲಸಿಕೆ ಮಾಡಿದ್ದು ಈ ಮುಂಬಯಿಯಲ್ಲಿಯೇ. 2021ರಲ್ಲಿ ಕೊರೋನಾ ಲಸಿಕೆ ನಮ್ಮ ತೋಳಿಗೆ ಬಂದದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್, ಹೈದರಾಬಾದಿನ ಭಾರತ್ ಬಯೋಟೆಕ್‌ಗಳಿಂದ. ಲಸಿಕೆ ತಯಾರಿಸುವುದು, ಅದರ ಗುಣ ಪರೀಕ್ಷಿಸುವುದು, ಔಷಧ ಪ್ರಯೋಗದ ದಾಖಲೆ ಇಡುವುದು, ಸರ್ಕಾರದ ಅನುಮತಿಗೆ ಕಾಗದಪತ್ರ ಸಿದ್ಧಪಡಿಸುವುದು, ವೈದ್ಯಕೀಯ ಬರಹ ಬರೆಯುವುದು, ಪ್ರಯೋಗಾಲಯದ ಯಂತ್ರಗಳ ಬಳಕೆ ಕಲಿಸುವುದು ಇವೆಲ್ಲ ಜೀವಶಾಸ್ತ್ರ ಬಲ್ಲವರ ಕೆಲಸಗಳೇ.

ಪೇಟೆಂಟ್ ಏಜೆಂಟರ ಪರೀಕ್ಷೆ ನಾಲ್ಕನೆಯ ದಾರಿ. ವಿಜ್ಞಾನದ ಪದವಿ ಇದ್ದು ಇಪ್ಪತ್ತೊಂದು ತುಂಬಿದ ಭಾರತದ ಪ್ರಜೆ ಇದಕ್ಕೆ ಕೂರಬಹುದು; ಕಾನೂನಿನ ಪದವಿ ಬೇಕಿಲ್ಲ. ಅರಣ್ಯ ಸೇವೆಯನ್ನು ಮನಸ್ಸಿನಲ್ಲಿಟ್ಟವರು ಮಾತ್ರ ಎಚ್ಚರದಿಂದಿರಬೇಕು. ಅಲ್ಲಿ ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 32. ಡಾಕ್ಟರೇಟ್ ಮುಗಿಯುವಾಗ ಮೂರು ನಾಲ್ಕು ಸಲಕ್ಕಷ್ಟೇ ಅವಕಾಶ ಉಳಿದಿರುತ್ತದೆ.

ಅರ್ಜಿಯ ವಿಷಯ ಮಾತ್ರ ನಮಗೆ ಅನುಭವದಿಂದ ಗೊತ್ತು, ಏಕೆಂದರೆ ನಮ್ಮ ಮೇಜಿನ ಮೇಲೂ ಅರ್ಜಿಗಳು ಬಂದು ಬೀಳುತ್ತವೆ. ಎಲ್ಲ ಕಡೆಗೂ ಒಂದೇ ಅರ್ಜಿ ಕಳಿಸಬಾರದು. ಕಾಲೇಜಿಗೆ ಪ್ರಮಾಣಪತ್ರ, ತಾರೀಖು, ಪ್ರಕಟವಾದ ಲೇಖನಗಳ ಪಟ್ಟಿ ಬೇಕು. ಕಂಪನಿಗೆ ಎರಡು ಪುಟ ಸಾಕು. ಅದರಲ್ಲಿ ಪ್ರಬಂಧದ ಉದ್ದದ ಹೆಸರಿಗಿಂತ, 'ಇಷ್ಟು ವರ್ಷ ಜೀವಕೋಶಗಳನ್ನು ಬೆಳೆಸಿದ್ದೇನೆ, ಈ ಯಂತ್ರ ನಡೆಸಬಲ್ಲೆ, ಇಷ್ಟು ಕಿರಿಯರಿಗೆ ಕಲಿಸಿದ್ದೇನೆ' ಎಂಬುದು ಮೇಲೆ ಬರಲಿ. ಮಾರ್ಗದರ್ಶಕರಿಂದ ಶಿಫಾರಸು ಪತ್ರವನ್ನು ಪ್ರಯೋಗಾಲಯ ಬಿಡುವ ಮೊದಲೇ ಕೇಳಿಡಿರಿ. ಅದೇ ಪ್ರಯೋಗಾಲಯದಿಂದ ಹಿಂದೆ ಹೊರಟವರು ಎಲ್ಲೆಲ್ಲಿದ್ದಾರೆಂದು ವಿಚಾರಿಸಿ ಅವರಿಗೆ ಕಾಗದ ಬರೆಯಿರಿ. ಕಚೇರಿಯ ಆವಕ-ಜಾವಕ ಪುಸ್ತಕದಂತೆ ಒಂದು ನೋಟು ಪುಸ್ತಕ ಇಟ್ಟು, ಯಾವ ದಿನ ಎಲ್ಲಿಗೆ ಅರ್ಜಿ ಹೋಯಿತು, ಏನು ಉತ್ತರ ಬಂತು ಎಂದು ಬರೆದಿಡಿರಿ. ನೌಕರಿ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು ಹತ್ತಿರ ಸೇರಿಸಬೇಡಿರಿ.

ವಿಜ್ಞಾನವನ್ನು ತಿಳಿಯಾಗಿ ಹೇಳುವ ಶಕ್ತಿಯೂ ಒಂದು ಬಂಡವಾಳ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಅವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ನಮ್ಮ ಕಪಾಟಿನಲ್ಲಿ ಆ ಪುಸ್ತಕವಿದೆ, ಓದಿರಿ.

ಕೊನೆಗೆ ಹಿರಿಯರಲ್ಲಿ ಒಂದು ಬಿನ್ನಹ. 'ಡಾಕ್ಟರಾದಳಂತೆ, ಕೆಮ್ಮಿಗೆ ಮದ್ದು ಕೇಳಿದರೆ ಕೊಡಲಾರಳಂತೆ' ಎಂದು ನಗುವುದು, 'ಇನ್ನೂ ಓದು ಮುಗಿದಿಲ್ಲವೇ, ಮದುವೆ ಯಾವಾಗ?' ಎಂದು ಸಮಾರಂಭಗಳಲ್ಲಿ ನಾಲ್ಕು ಜನರೆದುರು ಕೇಳುವುದು ನಮ್ಮಲ್ಲಿ ಇದೆ. ಇಂಥ ಪ್ರಶ್ನೆಗೆ ಹೆದರಿ ಸಂಘದ ಕಾರ್ಯಕ್ರಮಗಳಿಗೇ ಬರುವುದನ್ನು ಬಿಟ್ಟ ಹೆಣ್ಣುಮಕ್ಕಳಿದ್ದಾರೆ. ಸಂಶೋಧನೆಯ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ರಜೆಯನ್ನು 2022ರ ನಿಯಮವೇ ಕೊಟ್ಟಿದೆ. ಸರ್ಕಾರ ತೋರಿದಷ್ಟು ತಾಳ್ಮೆಯನ್ನಾದರೂ ಮನೆಯವರು ತೋರಬೇಡವೇ? ಹಾಗೆಯೇ, ಆರು ವರ್ಷ ಓದಿದ ಮಗ ಪ್ರೊಫೆಸರನಾಗದೆ ಔಷಧ ಕಂಪನಿ ಸೇರಿದರೆ ಓದು ಹಾಳಾಯಿತೆಂದು ತಿಳಿಯಬೇಡಿ. ಒಂದು ಪ್ರಶ್ನೆಯನ್ನು ಹಿಡಿದು, ನೂರು ಸಲ ಸೋತು, ಮತ್ತೆ ಮಾಡಿ ನೋಡುವುದನ್ನು ಅವನು ಕಲಿತಿದ್ದಾನೆ. ಆ ಕಲಿಕೆ ಯಾವ ಮೇಜಿನ ಮುಂದೆ ಕೂತರೂ ಕೈಬಿಡುವುದಿಲ್ಲ.

ವಾಚನಾಲಯದಿಂದ ನಾವು ಮಾಡಬಲ್ಲದ್ದು ಸ್ವಲ್ಪವೇ. ಜಾಹೀರಾತುಗಳನ್ನು ಕತ್ತರಿಸಿ ಫಲಕಕ್ಕೆ ಹಚ್ಚುತ್ತೇವೆ. ಶನಿವಾರ ಸಂಜೆ ಅರ್ಜಿ ಬರೆಯಲು ಮೇಜು ಬಿಟ್ಟುಕೊಡುತ್ತೇವೆ. ಕಂಪನಿಗಳಲ್ಲಿ, ಕಾಲೇಜುಗಳಲ್ಲಿ ಕೆಲಸದಲ್ಲಿರುವ ಸಂಘದ ಸದಸ್ಯರು ತಿಂಗಳಿಗೆ ಒಂದು ತಾಸು ಬಂದು ಈ ಮಕ್ಕಳೊಡನೆ ಕೂತು ಮಾತಾಡಿದರೆ ಅದು ದೊಡ್ಡ ಉಪಕಾರವಾದೀತು. ಇಂದೇ ಹೆಸರು ಕೊಡಬೇಕೆಂದು ಪ್ರಾರ್ಥಿಸುತ್ತೇವೆ.